ಕುದುರೆಮುಖ ಗಣಿ ನಿಲ್ಲಿಸಿದ್ದು ಒಂದು ಸಿನಿಮಾನಾ?

ಮಳೆಗಾಲದಲ್ಲಿ ಗಣಿ ಮಣ್ಣು ಹೊತ್ತು ಕೆಂಪಗೆ ಬರ್ತಿದ್ದ ಭದ್ರಾ ಹೊಳೆ ಕಳಸದ ಕಡೆಯವರಿಗೆ ನೆನಪಿರಬಹುದು. ಅದನ್ನೇ 2001ರಲ್ಲಿ ‘ಮೈಂಡ್‌ಲೆಸ್ ಮೈನಿಂಗ್’ ಕಿರುಚಿತ್ರದಲ್ಲಿ ತೋರಿಸಿದವರು ಚೆನ್ನೈನ ಶೇಖರ್ ದತ್ತಾತ್ರಿ. ಹುಡುಗನಾಗಿದ್ದಾಗಲೇ ಮದ್ರಾಸಿನ ಹಾವಿನ ಪಾರ್ಕ್ ಸೇರಿದವರು, ಆಮೇಲೆ ಟಿವಿ ಚಾನೆಲ್‌ಗಳಿಗೆ ವನ್ಯಜೀವಿ ಚಿತ್ರ ಮಾಡಿದವರು. ಮಕ್ಕಳಿಗಾಗಿ ಕಡಲಾಮೆ ಬಗ್ಗೆ ಪುಸ್ತಕವನ್ನೂ ಬರೆದಿದ್ದಾರೆ.

2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, 2005ರ ಕೊನೆಗೆ ಗಣಿ ಬಂದ್. ಸಿನಿಮಾ ಒಂದೇ ಗೆದ್ದಿತು ಅನ್ನೋದು ತಪ್ಪು. ಕೋರ್ಟಿಗೆ ಹೋದವರು ಕೆ.ಎಂ. ಚಿನ್ನಪ್ಪ. ಆದರೆ ಫೈಲಿನಲ್ಲಿದ್ದ ಹೂಳನ್ನು ಕಣ್ಣಿಗೆ ಕಾಣಿಸಿದ್ದು ಕ್ಯಾಮೆರಾ.

ಟೌನ್‌ಶಿಪ್ ಖಾಲಿಯಾಯ್ತು. ಕಂಪನಿ ಸಂಬಳ ನಂಬಿದ್ದ ಅಂಗಡಿಯವರಿಗೆ ಪೆಟ್ಟು ಬಿದ್ದಿದ್ದೂ ನಿಜ, ಆ ಸಿಟ್ಟು ಸುಳ್ಳಲ್ಲ. ಆದ್ರೆ ಕೆಳಗಿನ ತೋಟಕ್ಕೆ, ಭದ್ರಾ ಡ್ಯಾಮಿಗೆ ಹೋಗೋದೂ ಅದೇ ಹೊಳೆ ನೀರು.