ಪ್ಲಾಸ್ಟರ್ ಬಿಗಿಯಾದಷ್ಟೂ ಮೂಳೆ ಬೇಗ ಕೂಡುತ್ತದೆಯೇ? ಹಾಕಲು ಕಲಿಯುವವರ ಮೊದಲ ಪಾಠವೇ ಬೇರೆ

ಮಗು ಬಿದ್ದು ಕೈ ಮುರಿದುಕೊಂಡು, ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದ ದಿನವೇ ಸಲಹೆಗಳು ಶುರುವಾಗುತ್ತವೆ. "ಚೆನ್ನಾಗಿ ಬಿಗಿದಿದ್ದಾರೆ ತಾನೆ? ಬಿಗಿಯಿದ್ದಷ್ಟೂ ಬೇಗ ಕೂಡುತ್ತೆ." "ನೋವು ಇದ್ದೇ ಇರುತ್ತೆ, ಎರಡು ದಿನ ತಡ್ಕೊಳ್ಳಲಿ." ಕೇಳಲು ಎರಡೂ ಸರಿಯೆನಿಸುತ್ತವೆ. ಆದರೆ ಪ್ಲಾಸ್ಟರ್ ಹಾಕಲು ಕಲಿಯುವ ವಿದ್ಯಾರ್ಥಿಗಳಿಗೆ ಹೇಳಿಕೊಡುವುದು ಇದಕ್ಕೆ ತದ್ವಿರುದ್ಧ. ಆ ಪಾಠ ನಮಗೂ ಗೊತ್ತಿದ್ದರೆ ಒಂದು ಕೈ ಉಳಿಯಬಹುದು.

ಪ್ಲಾಸ್ಟರ್ ಮೂಳೆಯನ್ನು ಕೂಡಿಸುತ್ತದೆಯೇ?

ಇಲ್ಲ. ಮೂಳೆ ತಾನಾಗಿಯೇ ಬೆಳೆದು ಕೂಡುತ್ತದೆ. ಅಲ್ಲಿಯವರೆಗೆ ಅದು ಅಲುಗದಂತೆ ಹಿಡಿದಿಡುವುದಷ್ಟೇ ಪ್ಲಾಸ್ಟರ್‌ನ ಕೆಲಸ. ನಾವು ಸಿಮೆಂಟ್ ಪಟ್ಟಿ ಎಂದರೂ ಅದು ಸಿಮೆಂಟ್ ಅಲ್ಲ. ಜಿಪ್ಸಂ ಅನ್ನು ಕಾಯಿಸಿ ಅದರೊಳಗಿನ ನೀರಿನ ಮುಕ್ಕಾಲು ಭಾಗ ತೆಗೆದರೆ ಸಿಗುವ ಪುಡಿಯೇ ಪ್ಲಾಸ್ಟರ್ ಆಫ್ ಪ್ಯಾರಿಸ್. ನೀರು ಸೋಕಿದೊಡನೆ ಅದು ಮತ್ತೆ ಜಿಪ್ಸಂ ಆಗಿ ಗಟ್ಟಿಯಾಗುತ್ತದೆ. ಬಟ್ಟೆಯ ಪಟ್ಟಿಗೆ ಈ ಪುಡಿ ತಿಕ್ಕಿ ಮುರಿದ ಕೈಕಾಲಿಗೆ ಸುತ್ತುವ ಕ್ರಮವನ್ನು 1850ರ ದಶಕದ ಆರಂಭದಲ್ಲಿ ಬಳಕೆಗೆ ತಂದವರು ಡಚ್ ಸೇನಾ ವೈದ್ಯ ಆಂಟೋನಿಯಸ್ ಮಾಥೈಸೆನ್.

ಕಲಿಯುವವರು ಏನು ಕಲಿಯುತ್ತಾರೆ?

ಮೂಳೆಯನ್ನು ನೇರಕ್ಕೆ ಕೂರಿಸುವುದು, ಯಾವ ಪಟ್ಟಿ ಬೇಕೆಂದು ತೀರ್ಮಾನಿಸುವುದು ವೈದ್ಯರ ಕೆಲಸ. ಪಟ್ಟಿ ಸುತ್ತುವ ಕೆಲಸಕ್ಕೆ ಅನೇಕ ಕಡೆ ತರಬೇತಿ ಪಡೆದ ಸಹಾಯಕರು ಇರುತ್ತಾರೆ. ಅವರು ಮೊದಲು ಕಲಿಯುವುದು ಪ್ಲಾಸ್ಟರ್ ಅಲ್ಲ, ಹತ್ತಿ. ಒಂದು ಸುತ್ತಿನ ಅರ್ಧಭಾಗದ ಮೇಲೆ ಇನ್ನೊಂದು ಸುತ್ತು ಬರುವಂತೆ ಹತ್ತಿಯ ಪದರ ಹಾಕಬೇಕು. ಮೊಣಕೈ, ಹಿಮ್ಮಡಿ, ಕಾಲಿನ ಹರಡಿನಂಥ ಮೂಳೆ ಉಬ್ಬಿದ ಜಾಗಗಳಿಗೆ ಇನ್ನಷ್ಟು ಹತ್ತಿ ಬೇಕು. ಕಡಿಮೆಯಾದರೆ ಅಲ್ಲಿ ಒತ್ತಿ ಹುಣ್ಣಾಗುತ್ತದೆ. ಅತಿಯಾದರೆ ಒಳಗೆ ಮೂಳೆ ಜಾರುತ್ತದೆ.

ಎರಡನೆಯದು ನೀರು. ಬಿಸಿನೀರಿನಲ್ಲಿ ಅದ್ದಿದರೆ ಪ್ಲಾಸ್ಟರ್ ಬೇಗ ಗಟ್ಟಿಯಾಗುತ್ತದೆ, ಆದರೆ ಗಟ್ಟಿಯಾಗುವಾಗ ತಾನೇ ಶಾಖ ಬಿಡುವುದರಿಂದ ಚರ್ಮ ಸುಡಬಹುದು. ಮೂರನೆಯದು ಕೈ. ಹಸಿ ಪಟ್ಟಿಯನ್ನು ಎಳೆದು ಬಿಗಿಯಬಾರದು, ಉರುಳಿಸುತ್ತಾ ಹೋಗಬೇಕು. ಅಂಗೈಯಿಂದ ಸವರಬೇಕೇ ಹೊರತು ಬೆರಳಿಂದ ಒತ್ತಬಾರದು. ಒಂದು ಬೆರಳಿನ ಗುರುತು ಒಳಗೆ ಗುಬುಟಾಗಿ ಉಳಿದು ವಾರಗಟ್ಟಲೆ ಚರ್ಮವನ್ನು ಒತ್ತುತ್ತದೆ.

ಬಿಗಿ ಏಕೆ ಅಪಾಯ?

ಮುರಿದ ಜಾಗ ಮೊದಲ ಎರಡು ಮೂರು ದಿನ ಊದುತ್ತದೆ. ಗಟ್ಟಿ ಪ್ಲಾಸ್ಟರ್ ಹಿಗ್ಗುವುದಿಲ್ಲ. ಆಗ ಒತ್ತಡವೆಲ್ಲ ಒಳಮುಖವಾಗಿ ಸ್ನಾಯುಗಳ ಮೇಲೆ ಬೀಳುತ್ತದೆ, ರಕ್ತ ಸಂಚಾರ ತಗ್ಗುತ್ತದೆ. ರಕ್ತವಿಲ್ಲದೆ ಸುಮಾರು ಆರು ಗಂಟೆ ಕಳೆದರೆ ಸ್ನಾಯು ಶಾಶ್ವತವಾಗಿ ಹಾಳಾಗಬಹುದು. ಬಿಗಿ ಕಟ್ಟಿನ ನಂತರ ಕೈಬೆರಳುಗಳು ಮಡಚಿ ಸೆಟೆದುಕೊಳ್ಳುವುದನ್ನು ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಲ್ಕ್‌ಮನ್ 1881ರಲ್ಲೇ ವಿವರಿಸಿದ್ದರು. ಆಸ್ಪತ್ರೆಯ ಪ್ಲಾಸ್ಟರ್ ಇರಲಿ, ಬಿದಿರು ದಬ್ಬೆ ಇಟ್ಟು ಬಿಗಿಯುವ ನಾಟಿ ಕಟ್ಟು ಇರಲಿ, ಈ ಅಪಾಯ ಒಂದೇ.

ಈ ಕಾರಣಕ್ಕೇ ಅನೇಕ ಬಾರಿ ಮೊದಲಿಗೆ ಪೂರ್ತಿ ಪ್ಲಾಸ್ಟರ್ ಹಾಕದೆ ಒಂದು ಬದಿಗೆ ಮಾತ್ರ ಸ್ಲ್ಯಾಬ್ ಇಟ್ಟು ಬ್ಯಾಂಡೇಜ್ ಸುತ್ತುತ್ತಾರೆ. ಊತ ಇಳಿದ ಮೇಲೆ ಪೂರ್ತಿ ಹಾಕುತ್ತಾರೆ. "ಅರ್ಧ ಹಾಕಿ ಕಳಿಸಿದ್ರು, ದುಡ್ಡಿಗಾಗಿ ಮತ್ತೆ ಕರೀತಾರೆ" ಎಂಬ ಅನುಮಾನ ಬೇಡ. ಅದು ಊತಕ್ಕೆ ಬಿಟ್ಟ ಜಾಗ.

ಮನೆಯಲ್ಲಿ ಏನು ನೋಡಬೇಕು?

ಪ್ಲಾಸ್ಟರ್ ಹಾಕಿದ ಮೇಲೆ ಬೆರಳುಗಳನ್ನು ಪರೀಕ್ಷಿಸದೆ ರೋಗಿಯನ್ನು ಕಳಿಸಬಾರದು ಎಂದು ವಿದ್ಯಾರ್ಥಿಗಳಿಗೆ ಕಲಿಸುತ್ತಾರೆ. ಅದೇ ಪರೀಕ್ಷೆಯನ್ನು ಮನೆಯವರೂ ಮಾಡಬಹುದು:

- ಉಗುರನ್ನು ಒತ್ತಿ ಬಿಡಿ. ಬಿಳಿಚಿದ ಬಣ್ಣ ಸುಮಾರು 2 ಸೆಕೆಂಡಿನಲ್ಲಿ ಮರಳಬೇಕು.
- ಬೆರಳು ತಣ್ಣಗಾಗಿದೆಯೇ, ನೀಲಿಯಾಗಿದೆಯೇ, ಜೋಮು ಹಿಡಿದಿದೆಯೇ ನೋಡಿ.
- ಬೆರಳನ್ನು ಮೆಲ್ಲಗೆ ನೇರ ಮಾಡಿ. ಆಗ ತಡೆಯಲಾರದ ನೋವಾದರೆ ಅದು ಎಚ್ಚರಿಕೆ.

ಎಲ್ಲಕ್ಕಿಂತ ಮುಖ್ಯ ಮಾತು: ಮಾತ್ರೆ ನುಂಗಿದರೂ ಇಳಿಯದೆ ಗಂಟೆ ಗಂಟೆಗೂ ಏರುವ ನೋವು "ಸಾಮಾನ್ಯ ನೋವು" ಅಲ್ಲ. ಬೆರಳಿನ ಬಣ್ಣ ಸರಿಯಿದ್ದರೂ ಕಾಯಬೇಡಿ. ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೋಗಿ. ಅಲ್ಲಿ ಪ್ಲಾಸ್ಟರನ್ನೂ ಒಳಗಿನ ಹತ್ತಿಯನ್ನೂ ಉದ್ದಕ್ಕೆ ಸೀಳಿ ಸಡಿಲಿಸುತ್ತಾರೆ. ಅದು ಸಾಲದಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಚಿಕ್ಕ ಮಕ್ಕಳಿಗೆ ನೋವನ್ನು ಹೇಳಲು ಬರುವುದಿಲ್ಲ. ಸಮಾಧಾನವಾಗದೆ ಒಂದೇ ಸಮನೆ ಅಳುವುದೇ ಅವರ ಸೂಚನೆ.

ಉಳಿದಂತೆ, ಮೊದಲ ಎರಡು ದಿನ ದಿಂಬಿಟ್ಟು ಕೈಯನ್ನು ಎದೆಗಿಂತ ಮೇಲಿಡಿ, ಬೆರಳು ಆಡಿಸುತ್ತಿರಿ. ಮುಟ್ಟಲು ಗಟ್ಟಿ ಎನಿಸಿದರೂ ಪ್ಲಾಸ್ಟರ್ ಪೂರ್ತಿ ಒಣಗಲು ಎರಡು ಮೂರು ದಿನ ಬೇಕು, ಅದರ ಮೇಲೆ ಭಾರ ಹಾಕಬೇಡಿ. ನವೆಯಾದರೆ ಸ್ಕೇಲು, ಕಡ್ಡಿ ತೂರಿಸಬೇಡಿ, ಒಳಗಾದ ಗಾಯ ಹೊರಗೆ ಕಾಣುವುದಿಲ್ಲ.

ತೆಗೆಯುವ ಯಂತ್ರ ಕೈ ಕತ್ತರಿಸುತ್ತದೆಯೇ?

ಸದ್ದಿಗೆ ಮಕ್ಕಳು ಹೆದರುತ್ತಾರೆ. ಆ ಗರಗಸ ಮರ ಕೊಯ್ಯುವ ಯಂತ್ರದಂತೆ ತಿರುಗುವುದಿಲ್ಲ, ಅತ್ತಿತ್ತ ಅದುರುತ್ತದೆ. ಗಟ್ಟಿ ಪ್ಲಾಸ್ಟರ್ ಸೀಳುತ್ತದೆ, ಮೆತ್ತನೆಯ ಚರ್ಮ ಅದರೊಡನೆ ಅಲುಗುವುದರಿಂದ ಸಾಮಾನ್ಯವಾಗಿ ಕತ್ತರಿಸುವುದಿಲ್ಲ. ಆದರೆ ಅಲಗು ಕಾಯುತ್ತದೆ. ಬಿಸಿ ತಾಗಿದರೆ ಕೂಡಲೇ ಹೇಳಿ.

"ಬಿಗಿಯಿದ್ದಷ್ಟೂ ಒಳ್ಳೆಯದು" ಎಂಬ ಸಂದೇಶ ನಿಮ್ಮ ಗುಂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಲೇಬೇಕಿದ್ದರೆ ಇಷ್ಟು ಕಳಿಸಿ: ನೋವು ಏರುತ್ತಿದ್ದರೆ ತಡೆದುಕೊಳ್ಳಬೇಡಿ, ಆಸ್ಪತ್ರೆಗೆ ಹೋಗಿ.