ಗಿರಕಿಗೆ ಸಿಕ್ಕ ವಿಮಾನ

ಕೋಲಾರದ ಚಿನ್ನದ ಗಣಿಯ ಸೀಮೆಯವರಿಗೆ ಆಳವೆಂದರೇನೆಂಬುದನ್ನು ವಿವರಿಸಿ ಹೇಳಬೇಕಾದುದಿಲ್ಲ. ಗಣಿಗಳ ಕೆಲಸವು 2001ರಲ್ಲಿ ನಿಂತುಹೋದರೂ, ಚಾಂಪಿಯನ್ ರೀಫ್ ಗಣಿಯು ಭೂಮಿಯೊಳಕ್ಕೆ 3 ಕಿಲೋಮೀಟರಿಗೂ ಮಿಕ್ಕಿ ಇಳಿದಿತ್ತೆಂಬುದು ಬಂಗಾರಪೇಟೆಯ ಮಕ್ಕಳಿಗೂ ತಿಳಿದ ಸಂಗತಿ. ವಾಚಕರು ಆ ಆಳವನ್ನೇ ತಲೆಕೆಳಗು ಮಾಡಿ ಆಕಾಶದಲ್ಲಿ ನಿಲ್ಲಿಸಿ ನೋಡಲಿ. ಅದು ಸುಮಾರು 10,000 ಅಡಿಗಳ ಎತ್ತರವಾಗುವುದು. ಗಿರಕಿಗೆ ಸಿಕ್ಕ ಚಿಕ್ಕ ವಿಮಾನವೊಂದು ಅಷ್ಟು ಎತ್ತರವನ್ನು ಎರಡು ನಿಮಿಷಗಳ ಆಸುಪಾಸಿನಲ್ಲಿ ಕಳೆದುಕೊಂಡುಬಿಡಬಲ್ಲುದು. ಆ ಅಲ್ಪಾವಧಿಯಲ್ಲಿ ವೈಮಾನಿಕನು ಮಾಡತಕ್ಕದ್ದೇನು, ಅವನ ಕೈಯಿಂದ ಆಗದುದೇನು ಎಂಬುದೇ ಈ ತಿಂಗಳಿನ ನಮ್ಮ ವಿಚಾರ. ವಿಮಾನಗಳನ್ನು ಕಟ್ಟುವ ಬೆಂಗಳೂರು ನಮ್ಮಿಂದ ಸುಮಾರು 70 ಕಿಲೋಮೀಟರು ದೂರವಷ್ಟೆ. ಹಾರುವ ವಿದ್ಯೆಗೆ ಮಕ್ಕಳನ್ನು ಕಳುಹಿಸುವ ಗೃಹಸ್ಥರೂ ಈಗ ಅಪರೂಪವಲ್ಲ.

ವಿಮಾನದ ರೆಕ್ಕೆಯು ಗಾಳಿಯನ್ನು ಒಂದು ಮಿತಿಯ ಕೋನದೊಳಗೆ ಸೀಳುತ್ತಿರುವವರೆಗೆ ಭಾರವನ್ನು ಹೊರುವುದು. ಮೂತಿಯನ್ನು ಅತಿಯಾಗಿ ಎತ್ತಿದರೆ ಆ ಮಿತಿ ಮೀರಿ ರೆಕ್ಕೆಗೆ ಗಾಳಿಯ ಆಧಾರವು ತಪ್ಪುವುದು. ಒಂದು ರೆಕ್ಕೆಗೆ ಮತ್ತೊಂದಕ್ಕಿಂತ ಹೆಚ್ಚಾಗಿ ತಪ್ಪಿತೆನ್ನಿ, ವಿಮಾನವು ಆ ಕಡೆಗೆ ವಾಲಿ, ಸುಳಿಗೆ ಬಿದ್ದ ಎಲೆಯಂತೆ ಸುತ್ತುತ್ತ ಇಳಿಯತೊಡಗುವುದು. ಇದೇ ಗಿರಕಿ; ವೈಮಾನಿಕರು ಸ್ಪಿನ್ ಎನ್ನುವರು.

ನೆಲವು ಮೇಲೆದ್ದು ಬರುವಂತೆ ಕಂಡಾಗ ಹಿಡಿಕೋಲನ್ನು ಎದೆಯ ಕಡೆಗೆ ಎಳೆದುಕೊಳ್ಳುವುದು ಮನುಷ್ಯಸ್ವಭಾವ. ಹಾಗೆ ಎಳೆದಷ್ಟೂ ಗಿರಕಿಯು ಬಲಿಯುವುದು. 1912ರ ಆಗಸ್ಟ್ 25ರಂದು ಇಂಗ್ಲೆಂಡಿನಲ್ಲಿ ಲೆಫ್ಟಿನೆಂಟ್ ವಿಲ್ಫ್ರೆಡ್ ಪಾರ್ಕ್ ಎಂಬ ನೌಕಾದಳದ ಅಧಿಕಾರಿಯು ಆವ್ರೋ ವಿಮಾನದಲ್ಲಿ ಇಂಥ ಸುಳಿಗೆ ಸಿಕ್ಕಿದನು. ಕೋಲನ್ನು ಹಿಂದಕ್ಕೆಳೆದನು, ಎಂಜಿನ್ನಿನ ಬಲವನ್ನು ಹೆಚ್ಚಿಸಿದನು, ಫಲವಾಗಲಿಲ್ಲ. ಕಡೆಗೆ ಚುಕ್ಕಾಣಿಯನ್ನು ಸುತ್ತಿನ ವಿರುದ್ಧ ದಿಕ್ಕಿಗೆ ತಿರುಗಿಸಲು, ನೆಲಕ್ಕೆ ಕೇವಲ 50 ಅಡಿಗಳಷ್ಟು ಮೇಲೆ ವಿಮಾನವು ಸುಧಾರಿಸಿಕೊಂಡಿತು. ಮುಂದೆ 1917ರಲ್ಲಿ ಲಿಂಡೆಮನ್ ಎಂಬ ವಿಜ್ಞಾನಿಯು ಫಾರ್ನ್‌ಬರೋದಲ್ಲಿ ತಾನೇ ವಿಮಾನವನ್ನು ಗಿರಕಿಗೆ ಬೀಳಿಸಿ, ಅಳತೆಗಳನ್ನು ತೆಗೆದುಕೊಂಡನು.

ಈಗ ಬಹುಪಾಲು ತರಬೇತಿ ವಿಮಾನಗಳಿಗೆ ಹೇಳಿಕೊಡುವ ಕ್ರಮವಿದು: ಎಂಜಿನ್ನಿನ ಬಲವನ್ನು ತಗ್ಗಿಸುವುದು, ರೆಕ್ಕೆಯಂಚಿನ ಪಟ್ಟಿಗಳನ್ನು ಸಮಸ್ಥಿತಿಯಲ್ಲಿಡುವುದು, ಚುಕ್ಕಾಣಿಯನ್ನು ಸುತ್ತಿಗೆ ವಿರುದ್ಧವಾಗಿ ಪೂರ್ತಿ ಒತ್ತುವುದು, ಆಮೇಲೆ ಕೋಲನ್ನು ಮುಂದಕ್ಕೆ ತಳ್ಳುವುದು. ಸುತ್ತು ನಿಂತೊಡನೆ ಚುಕ್ಕಾಣಿಯನ್ನು ನೆಟ್ಟಗೆ ಮಾಡಿ, ಮೆಲ್ಲನೆ ಮೂತಿಯೆತ್ತುವುದು. ಆಯಾ ವಿಮಾನದ ಕೈಪಿಡಿಯು ಬೇರೆ ಹೇಳಿದ್ದರೆ ಅದೇ ಪ್ರಮಾಣ. ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಕೋಲನ್ನು ತೆಗೆದ ಮೇಲೂ ಕುಂಬಾರನ ಚಕ್ರವು ಹಿಂದಿನ ವೇಗದಿಂದ ಕೆಲಹೊತ್ತು ತಿರುಗುತ್ತಿರುವುದೆಂದು ನಮ್ಮ ಶಾಸ್ತ್ರಕಾರರು ದೃಷ್ಟಾಂತ ಕೊಡುವರಷ್ಟೆ. ವಿಮಾನವೂ ಹಾಗೆಯೇ. ಸರಿಯಾದ ಉಪಾಯವನ್ನು ಮಾಡಿದ ಮೇಲೂ ಅದು ಒಂದೆರಡು ಸುತ್ತು ಹಾಕಬಹುದು. ಆಗ ಉಪಾಯವೇ ಸುಳ್ಳೆಂದು ಬಗೆದು ಕೈಬಿಟ್ಟವನು ಕೆಡುವನು, ತಾಳಿಕೊಂಡವನು ಉಳಿಯುವನು.

ಇಷ್ಟು ಸಾಮಾನ್ಯ ಗಿರಕಿಯ ಮಾತಾಯಿತು. ಫ್ಲ್ಯಾಟ್ ಸ್ಪಿನ್ ಎಂಬ ಚಪ್ಪಟೆ ಗಿರಕಿಯು ಇದಕ್ಕಿಂತ ಘೋರವಾದುದು. ಎರಡು ತುದಿಗಳಲ್ಲಿ ಭಾರವನ್ನು ಕಟ್ಟಿದ ಕೋಲನ್ನು ನಡುವೆ ಹಿಡಿದು ಸುತ್ತಿಸಿದರೆ ತುದಿಗಳು ಹೊರಕ್ಕೆ ಚಿಮ್ಮಿ ಕೋಲು ಅಡ್ಡಲಾಗುವುದಷ್ಟೆ. ವಿಮಾನದ ಮೂತಿ ಬಾಲಗಳೂ ಹಾಗೆಯೇ ಚಿಮ್ಮಿ, ಅದು ಹೊಟ್ಟೆಯಡಿಯಾಗಿ, ಮಲಗಿದ ಸ್ಥಿತಿಯಲ್ಲಿಯೇ ಸುತ್ತುವುದು. ಹಿಂಭಾಗದಲ್ಲಿ ಭಾರವು ಹೆಚ್ಚಾದಷ್ಟೂ ಈ ಅಪಾಯವು ಹೆಚ್ಚು. ಗಾಳಿಯು ಕೆಳಗಿನಿಂದ ಬರುವುದರಿಂದ ಅಡ್ಡಬಾಲದ ಮರೆಯಲ್ಲಿ ಚುಕ್ಕಾಣಿಗೆ ಗಾಳಿ ತಾಗದು. ವೈಮಾನಿಕನು ಒತ್ತಿದರೂ ಅದು ನಿಷ್ಫಲವಾಗಬಹುದು. 1970ರ ಫೆಬ್ರವರಿ 2ರಂದು ಅಮೆರಿಕದ ಮೊಂಟಾನಾದಲ್ಲಿ ಗ್ಯಾರಿ ಫೌಸ್ಟ್ ಎಂಬ ವೈಮಾನಿಕನು ಚಪ್ಪಟೆ ಗಿರಕಿಗೆ ಸಿಕ್ಕಿ, ಬಾಲದ ಪ್ಯಾರಾಚೂಟನ್ನು ಬಿಚ್ಚಿಯೂ ಪ್ರಯೋಜನವಾಗದೆ, ಆಸನಸಹಿತ ಹೊರಕ್ಕೆ ಚಿಮ್ಮಿ ಪ್ರಾಣವನ್ನು ಉಳಿಸಿಕೊಂಡನು. ಅವನು ಹೊರಟೊಡನೆ ಭಾರದ ಸಮತೋಲವು ಬದಲಾಗಿ, ಎಫ್-106 ಎಂಬ ಆ ವಿಮಾನವು ತಾನಾಗಿ ಗಿರಕಿಯನ್ನು ಬಿಟ್ಟು, ಹಿಮ ಕವಿದ ಹೊಲದಲ್ಲಿ ಹೊಟ್ಟೆಯ ಮೇಲೆ ಇಳಿದು ನಿಂತಿತು! ಕೈಚಳಕಕ್ಕೆ ಬಗ್ಗದುದು ತೂಕದ ಹಂಚಿಕೆಗೆ ಬಗ್ಗಿತು.

ಆದುದರಿಂದ ಚಪ್ಪಟೆ ಗಿರಕಿಯ ನಿಜವಾದ ಪರಿಹಾರವು ಆಕಾಶದಲ್ಲಿಲ್ಲ, ನಕ್ಷೆ ಬರೆಯುವ ಮೇಜಿನ ಮೇಲಿದೆ. ಇದಕ್ಕೆ ಬೆಂಗಳೂರಿನ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯ ಎಚ್‌ಜೆಟಿ-36 ಎಂಬ ಜೆಟ್ ತರಬೇತಿ ವಿಮಾನವೇ ಸಾಕ್ಷಿ. 2003ರಲ್ಲಿ ಮೊದಲು ಹಾರಿದ ಅದು 2016ರ ಗಿರಕಿಯ ಪರೀಕ್ಷೆಯಲ್ಲಿ ನಿರೀಕ್ಷಿಸಿದಂತೆ ನಡೆದುಕೊಳ್ಳಲಿಲ್ಲ, ಪರೀಕ್ಷೆಗಳನ್ನು ನಿಲ್ಲಿಸಲಾಯಿತು. ನಿಲುಬಾಲವನ್ನು ಹಿಂದಕ್ಕೆ ಸರಿಸಿ, ಚುಕ್ಕಾಣಿಯನ್ನು ಉದ್ದ ಮಾಡಿ, ಗಿರಕಿಯನ್ನು ಬಿಡಿಸುವ ಹೊಸ ಪ್ಯಾರಾಚೂಟನ್ನು ಅಳವಡಿಸಿ, 2019ರಲ್ಲಿ ಪರೀಕ್ಷೆಯನ್ನು ಮತ್ತೆ ಆರಂಭಿಸಿದರು. 2022ರ ಜನವರಿಯಲ್ಲಿ ಆ ವಿಮಾನವು ಎಡಕ್ಕೂ ಬಲಕ್ಕೂ ಆರಾರು ಸುತ್ತುಗಳ ಗಿರಕಿಯಿಂದ ಹೊರಬಂದಿತೆಂದು ಸಂಸ್ಥೆಯು ಪ್ರಕಟಿಸಿತು.

ಇಷ್ಟು ವರ್ಷಗಳು ಬೇಕಾದುವೇ ಎಂದು ಆಕ್ಷೇಪಿಸಿದವರುಂಟು. ಆ ಆಕ್ಷೇಪವು ನಿರಾಧಾರವಲ್ಲ. ತಡವಾದಷ್ಟೂ ಹಣವು ವ್ಯಯವಾಗುವುದು, ಶಿಷ್ಯರು ಹಳೆಯ ವಿಮಾನಗಳಲ್ಲಿಯೇ ಕಲಿಯಬೇಕಾಗುವುದು. ಆದರೂ ಆ ಆಸನದಲ್ಲಿ ಕೂರತಕ್ಕವರು ಇಪ್ಪತ್ತು ದಾಟಿದ ಹುಡುಗ ಹುಡುಗಿಯರೆಂಬುದನ್ನು ಮರೆಯಲಾಗದು. ನುರಿತ ಪರೀಕ್ಷಕನಿಗೇ ಬಗ್ಗದ ವಿಮಾನವನ್ನು ಕಲಿಯುವವರ ಕೈಗೆ ಕೊಡುವುದು ಧರ್ಮವೆನಿಸದು. ಹಾರುವ ವಿದ್ಯೆಗೆ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳು ಅವರಿಗೆ ಧೈರ್ಯವನ್ನು ಹೇಳುವುದರ ಜೊತೆಗೆ ಎರಡು ಪ್ರಶ್ನೆಗಳನ್ನೂ ಕೇಳಲಿ: ನಿನ್ನ ವಿಮಾನಕ್ಕೆ ಗಿರಕಿಯ ಪರೀಕ್ಷೆಯಾಗಿದೆಯೇ? ಹತ್ತುವ ಮೊದಲು ತೂಕದ ಹಂಚಿಕೆಯನ್ನು ಲೆಕ್ಕ ಹಾಕುವೆಯಾ? ಈ ಎರಡಕ್ಕೂ ತಡವರಿಸದೆ ಉತ್ತರ ಕೊಡುವ ಮಗುವನ್ನು ನಿಶ್ಚಿಂತೆಯಿಂದ ಹರಸಿ ಕಳುಹಿಸಬಹುದು.