ಜಾತ್ರೆಯ ಪಟಕ್ಕೆ ದಿಕ್ಕಿಲ್ಲ

ಯಾದಗಿರಿ ಸೀಮೆಗೆ ಹೊರಗಿನ ಕ್ಯಾಮೆರಾ ಬರುವುದು ಹೆಚ್ಚಾಗಿ ಎರಡೇ ಕಾರಣಕ್ಕೆ. ಸಂಕ್ರಾಂತಿಯಲ್ಲಿ ಮೈಲಾಪುರದ ಮಲ್ಲಯ್ಯನ ಪಲ್ಲಕ್ಕಿಗೆ ಯಾರಾದರೂ ಕುರಿಮರಿ ಎಸೆದರೆ ‘ಮೌಢ್ಯ’. ಮೊಹರಂನಲ್ಲಿ ಹಿಂದೂಗಳು ಅಲಾಯಿ ಕುಣಿದರೆ ‘ಭಾವೈಕ್ಯ’. ಎರಡೂ ಊರಿಗೆ ಬರುವ ಮೊದಲೇ ಬರೆದಿಟ್ಟುಕೊಂಡ ಶೀರ್ಷಿಕೆಗಳು.

ಶಹಾಪುರ ಬದಿಯ ಗೋಗಿಯಲ್ಲಿ ಚಂದಾ ಹುಸೇನಿಯವರ ದರ್ಗಾ ಇದೆ. ಆದಿಲಶಾಹಿಯ ಮೊದಲ ಸುಲ್ತಾನ ಯೂಸುಫ್ ಮಣ್ಣಾದದ್ದೂ ಅಲ್ಲೇ. ಹರಕೆ ಹೊತ್ತ ತಾಯಿ ಅಲ್ಲಿಗೆ ಹೋಗುವುದು ಇತಿಹಾಸ ಓದಲಿಕ್ಕಲ್ಲ, ಸೌಹಾರ್ದ ಸಾರಲಿಕ್ಕೂ ಅಲ್ಲ. ಕೂಸಿನ ಜ್ವರ ಇಳಿಯಬೇಕು, ಅಷ್ಟೇ. ಬರುವಾಗ ಅಂಗಡಿಯಲ್ಲಿ ಒಂದು ಪಟ ಕೊಂಡು ಗೋಡೆಗೆ ಹಾಕುತ್ತಾಳೆ. ನಮ್ಮ ವಿದ್ವಾಂಸರು ಬಿಟ್ಟದ್ದು ಆ ಗೋಡೆಯನ್ನು.

ದೆಹಲಿಯ ಯೂಸುಫ್ ಸಯೀದ್ ಅದನ್ನು ಬಿಡಲಿಲ್ಲ. ‘ಖಯಾಲ್ ದರ್ಪಣ್’ ಸಾಕ್ಷ್ಯಚಿತ್ರ ಮಾಡಿದ ಈ ಸಂಶೋಧಕ, ದರ್ಗಾಗಳ ಮುಂದೆ ಮಾರುವ ಅಗ್ಗದ ಪಟ, ಕ್ಯಾಲೆಂಡರುಗಳನ್ನು ಕೂಡಿಟ್ಟು 2012ರಲ್ಲಿ ‘ಮುಸ್ಲಿಂ ಡಿವೋಷನಲ್ ಆರ್ಟ್ ಇನ್ ಇಂಡಿಯಾ’ ಪ್ರಕಟಿಸಿದರು. ಇಸ್ಲಾಮಿಗೆ ಚಿತ್ರವೇ ವರ್ಜ್ಯ ಎನ್ನುವವರ ಮುಂದೆ ಸಂತರ, ಬುರಾಖ್‌ನ ಪಟಗಳನ್ನು ಹರಡಿದರು. ಅವುಗಳಲ್ಲಿ ಹಿಂದೂ ಕಲಾವಿದರು ಬರೆದವೂ ಇದ್ದವು.

ನಮ್ಮಲ್ಲಿ ರಹಮತ್ ತರೀಕೆರೆಯವರು ‘ಕರ್ನಾಟಕದ ಸೂಫಿಗಳು’ ಬರೆದು ದೊಡ್ಡ ದಾರಿ ತೆರೆದರು. ಆ ದಾರಿ ಹಿಡಿದವರು ತತ್ವಪದ, ರಿವಾಯತ್ ಕಲೆಹಾಕಿದರು, ಒಳ್ಳೆಯದೇ. ಪಟದ ಕಡೆ ತಿರುಗಿದವರು ಕಡಿಮೆ. ಅದೂ ಸುರಪುರದಂಥ ಕಡೆ! ನಾಯಕ ಅರಸರ ಆಶ್ರಯದಲ್ಲಿ ಗರುಡಾದ್ರಿ ಮನೆತನದವರು ಚಿತ್ರ ಬರೆದ ಊರದು. ಆ ಚಿತ್ರ ಮ್ಯೂಸಿಯಂನಲ್ಲಿದ್ದರೆ ಕಲೆ, ಜಾತ್ರೆಯ ಪಟ ಮಾತ್ರ ಕಸ. ಇದು ಯಾವ ಸೀಮೆಯ ರಸಿಕತೆಯೋ?

ನಾನು ಸಿಟ್ಟಾಗುವುದು ತಿಂಥಣಿಯನ್ನು ನೆನೆದು. ಕೃಷ್ಣೆಯ ದಂಡೆಯ ಮೌನೇಶ್ವರನಿಗೆ ಹಿಂದೂಗಳೂ ನಡೆದುಕೊಳ್ಳುತ್ತಾರೆ, ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ನಾಳೆ ಯಾವುದೋ ಊರಿನ ಮುದ್ರಕ ಕಂಪ್ಯೂಟರಿನಲ್ಲಿ ಸಂತನ ಪೇಟದ ಬಣ್ಣ ಬದಲಿಸಿ, ಹಿಂದಿನ ಕಮಾನು ಅಳಿಸಿ ಗೋಪುರ ಕೂಡಿಸಿದರೆ, ಯಾವ ಸಭೆಯೂ ನಡೆಯದೆ, ಯಾವ ಜಗಳವೂ ಆಗದೆ ಮೌನೇಶ್ವರ ಬೇರೆಯವನಾಗುತ್ತಾನೆ. ಹತ್ತು ವರ್ಷದಲ್ಲಿ ಮಕ್ಕಳು ಅವನೇ ಮೂಲದವನೆಂದು ಆಣೆ ಮಾಡುತ್ತಾರೆ. ಹಳೆಯ ಪಟ ಕೈಯಲ್ಲಿಲ್ಲದೆ ನಾವು ಏನನ್ನು ತೋರಿಸಿ ವಾದಿಸೋಣ? ಸೌಹಾರ್ದದ ಭಾಷಣವನ್ನೇ?

ಕಲಬುರಗಿಯ ವಿಶ್ವವಿದ್ಯಾಲಯವಾಗಲಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯವಾಗಲಿ, ವರ್ಷಕ್ಕೊಬ್ಬ ವಿದ್ಯಾರ್ಥಿಯನ್ನು ತಿಂಥಣಿ, ಗೋಗಿ, ಮೈಲಾಪುರದ ಜಾತ್ರೆ ಉರುಸುಗಳಿಗೆ ಕಳಿಸಲಿ. ಅಲ್ಲಿ ಮಾರುವ ಪಟಗಳಲ್ಲಿ ಒಂದೊಂದು ಕೊಂಡು, ಬೆನ್ನಿಗೆ ಇಸವಿ, ಬೆಲೆ, ಮುದ್ರಕನ ಹೆಸರು ಬರೆದಿಡಲಿ. ಒಂದು ವಿಚಾರ ಸಂಕಿರಣದ ಮಧ್ಯಾಹ್ನದ ಊಟಕ್ಕಿಂತ ಹೆಚ್ಚು ಖರ್ಚಾಗದು, ಹೋಳಿಗೆ ಬಿಟ್ಟು ಲೆಕ್ಕ ಹಾಕಿದರೂ.